ಸೆಲ್ಬಿಯ ಎದೆ ಮೇಲೆ ಕುರಿ

ಸೆಲ್ಬಿ ಸ್ನೂಕ್ ಬದುಕಿದ್ದಾಗ ಒಂದೇ ಒಂದು ಕುರಿಯನ್ನೂ ತನ್ನ ಆಲೂಗಡ್ಡೆ ಪಾತಿಗೆ ಕಾಲಿಡಲು ಬಿಟ್ಟವನಲ್ಲ. ಸತ್ತ ಮೇಲೆ ಕುರಿಗಳು ಅವನ ಎದೆ ಮೇಲೇ ಮಲಗಿ ಮೆಲುಕು ಹಾಕತೊಡಗಿದವು.

ಅವನು ಸತ್ತದ್ದು ೧೯೮೪ರ ಫೆಬ್ರವರಿಯಲ್ಲಿ. ಕಾಡಿನಿಂದ ಸೌದೆ ಎಳೆದು ತರುವಾಗ ಎದೆ ಹಿಡಿದುಕೊಂಡು ಸೌದೆಯ ಮೇಲೆ ಕುಳಿತ. ಏಳಲಿಲ್ಲ. ಹಿಮಗಟ್ಟಿ ನೆಲ ಕಬ್ಬಿಣವಾಗಿತ್ತು. ಬೆಂಕಿ ಹಾಕಿ ಕಾಯಿಸಿ ಗುಂಡಿ ತೋಡಿದರು. ಆ ಬೆಂಕಿಗೂ ಅವನು ತಂದ ಸೌದೆಯೇ ಆಯಿತು. ಹೆಂಡತಿ ಟ್ರಿಫೀನಾ ಪಕ್ಕದಲ್ಲಿ ನಿಂತು ನೋಡಿದಳು. ಊರಿನವರ ಬಾಯಲ್ಲಿ ಅವಳು ಫೀನಿ. ಅವಳು ಅಳಲಿಲ್ಲ. ಮೂಗು ಒರೆಸಿಕೊಂಡು, "ಸಾಯೋಕೂ ಬೇಸಿಗೆವರೆಗೆ ತಡೀಲಿಲ್ಲ, ಅವಸರದ ಮುಂಡೇದು," ಅಂದಳು. ಪಾದ್ರಿ ಕೇಳಿಸದವರಂತೆ ಪ್ರಾರ್ಥನೆ ಮುಂದುವರಿಸಿದರು.

ನ್ಯೂಫೌಂಡ್‌ಲ್ಯಾಂಡಿನ ಕಡಲಂಚಿನ ಆ ಊರಿನ ಹೆಸರು ಸ್ಕ್ರೇಪ್ ಕೋವ್. ಚರ್ಚಿನ ಹಿಂದಿನ ದಿಬ್ಬದ ಮೇಲೆ ಸ್ಮಶಾನ. ಆಲೂಗಡ್ಡೆ ಪಾತಿಯಷ್ಟು ಬಿಟ್ಟರೆ ಊರಲ್ಲಿ ಮಣ್ಣು ಅಂತ ಇರುವುದು ಅಲ್ಲಿ ಮಾತ್ರ, ಉಳಿದದ್ದೆಲ್ಲ ಬಂಡೆ. ಒಳ್ಳೆಯ ಮಣ್ಣನ್ನು ಸತ್ತವರಿಗೆ ಬಿಟ್ಟುಕೊಟ್ಟು ಬಂಡೆಯ ಮೇಲೆ ಸಂಸಾರ ಮಾಡುವ ಜನ. ಮಣ್ಣಿದ್ದ ಕಡೆ ಹುಲ್ಲು, ಹುಲ್ಲಿದ್ದ ಕಡೆ ಹೆಜ್ ಮಾಮನ ಕುರಿ. ಹೆಜಕಾಯ ಪಾರ್ಡಿ ಎಂಬ ಆ ಮುದುಕ ಊರಿಗೆಲ್ಲ ಮಾಮ, ಊರಿಗೆಲ್ಲ ಮೇಸ್ತ್ರಿ. ಕುರಿಯನ್ನು ಕಟ್ಟಿಹಾಕುವ ಪದ್ಧತಿ ಅಲ್ಲಿರಲಿಲ್ಲ. ಕುರಿ ಬರಬಾರದು ಅನ್ನುವವರು ತಮ್ಮ ಜಾಗಕ್ಕೆ ತಾವೇ ಬೇಲಿ ಹಾಕಿಕೊಳ್ಳಬೇಕು. ಸತ್ತವರಿಗೆ ಆ ಅನುಕೂಲ ಇರಲಿಲ್ಲ.

ಸ್ಮಶಾನದ ಬೇಲಿ ಬಿದ್ದು ವರ್ಷವಾಗಿತ್ತು. ಫೀನಿ ಬೆಳಿಗ್ಗೆ ಎದ್ದವಳು ಚಹಾ ಕುಡಿಯುವ ಮುಂಚೆಯೇ ದೊಣ್ಣೆ ಹಿಡಿದು ದಿಬ್ಬ ಹತ್ತುತ್ತಿದ್ದಳು. ಕುರಿಗಳಿಗೆ ಹಳೆಯ ಗೋರಿಗಳ ಮೇಲೆ ಅಷ್ಟು ಪ್ರೀತಿ ಇರಲಿಲ್ಲ. ಸೆಲ್ಬಿಯ ಮೇಲಿನ ಹುಲ್ಲು ಎಳೆಯದು.

"ಏಳೇ ದರಿದ್ರದ್ದೇ, ಏಳು! ಬೇರೆ ಯಾರೂ ಸಿಗಲಿಲ್ವಾ ನಿನಗೆ? ಸೆಲ್ಬಿ, ನಿನಗೂ ಹೇಳ್ತಿರೋದು. ನೀನು ಕಟ್ಟಿದ ಬೇಲಿ ಯೋಗ್ಯತೆ ನೋಡು. ಮಲಗು ಈಗ, ಹಿಕ್ಕೆ ಹೊದ್ಕೊಂಡು ಮಲಗು."

ಅದು ಸುಳ್ಳು ಬೈಗುಳವಲ್ಲ. ಆ ಬೇಲಿ ಕಟ್ಟಿದವರಲ್ಲಿ ಸೆಲ್ಬಿಯೂ ಒಬ್ಬ.

ಆ ಕಡೆಯ ಬದುಕು ನಡೆಯುತ್ತಿದ್ದುದು ಸ್ಟಾಂಪಿನ ಮೇಲೆ. ಒಂದು ವಾರ ಸಂಬಳದ ಕೆಲಸ ಮಾಡಿದರೆ ಒಂದು ಸ್ಟಾಂಪು. ಹತ್ತು ಸ್ಟಾಂಪು ಕೂಡಿದರೆ ವರ್ಷದ ಉಳಿದ ಭಾಗಕ್ಕೆ ಸರ್ಕಾರದ ನಿರುದ್ಯೋಗ ಭತ್ಯೆ. ಮೀನು ಬಂದ ವರ್ಷ ಮೀನೇ ಸ್ಟಾಂಪು ಕೊಡುತ್ತಿತ್ತು. ಮೀನು ಕೈಕೊಟ್ಟ ವರ್ಷ ಸರ್ಕಾರ ಉದ್ಯೋಗ ಯೋಜನೆ ಅಂತ ಏನಾದರೂ ಕಟ್ಟಿಸಬೇಕು. ಏನು ಕಟ್ಟಿಸುವುದೆಂದು ತೋಚದಿದ್ದಾಗ ಸರ್ಕಾರ ಬೇಲಿ ಕಟ್ಟಿಸುತ್ತಿತ್ತು.

ಬೇಲಿ ಕಟ್ಟುವುದಕ್ಕೂ ಒಂದು ರೀತಿಯಿತ್ತು. ಫರ್ ಮರದ ಹಸಿ ಗೂಟವನ್ನು ತೊಗಟೆ ಸಮೇತ ನೆಲಕ್ಕೆ ಹೊಡೆಯಬೇಕು. ತೊಗಟೆಯೊಳಗೆ ನೀರು ಕೂತು ನಾಲ್ಕೈದು ವರ್ಷದಲ್ಲಿ ಗೂಟದ ಬುಡ ಕೊಳೆಯುತ್ತದೆ. ಬೇಲಿ ಬೀಳುತ್ತದೆ. ಮತ್ತೆ ಹತ್ತು ವಾರದ ಕೆಲಸ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತೊಗಟೆ ಸುಲಿಯುತ್ತಿರಲಿಲ್ಲ, ಅಷ್ಟೆ. ಮನೆಯ ಆಲೂಗಡ್ಡೆ ಪಾತಿಗೆ ಸೆಲ್ಬಿ ಸುಲಿದ ಗೂಟವನ್ನೇ ಹಾಕಿದ್ದ. ಮದುವೆಯಾದ ವರ್ಷ ಹಾಕಿದ್ದು, ಇನ್ನೂ ಅಲ್ಲಾಡಿರಲಿಲ್ಲ. ಆಲೂಗಡ್ಡೆಗೆ ಒಂದು ಬೇಲಿ, ಸತ್ತವರಿಗೆ ಇನ್ನೊಂದು ಬೇಲಿ. ತಾನೂ ಒಂದು ದಿನ ಅಲ್ಲಿಗೇ ಹೋಗುವವನು ಅನ್ನುವುದು ಆ ಮಹಾರಾಯನಿಗೆ ಹೊಳೆಯಲಿಲ್ಲ.

ಜೂನ್‌ನಲ್ಲಿ ಫೀನಿಗೆ ತಡೆಯಲಾಗಲಿಲ್ಲ. ಕೊಟ್ಟಿಗೆಯಲ್ಲಿದ್ದ ಗೂಟಗಳನ್ನು ಕೈಗಾಡಿಗೆ ತುಂಬಿ ದಿಬ್ಬಕ್ಕೆ ತಳ್ಳಿಕೊಂಡು ಹೋದಳು. ಸೆಲ್ಬಿಯ ತಲೆಯ ಕಡೆ ಒಂದು ಗೂಟ ನಿಲ್ಲಿಸಿ ಸುತ್ತಿಗೆ ಎತ್ತಿದಳು. ಎರಡು ಏಟು ಬಿದ್ದಿರಬೇಕು. ಹೆಜ್ ಮಾಮ ಏದುಸಿರು ಬಿಡುತ್ತ ಓಡಿ ಬಂದ. ಅವನು ಓಡಿದ್ದನ್ನು ಊರು ನೋಡಿ ಬಹಳ ವರ್ಷವಾಗಿತ್ತು.

"ಕೆಳಗಿಡೇ ಸುತ್ತಿಗೆ! ಫೀನಿ, ಕೆಳಗಿಡು!"

"ಯಾಕೆ ಮಾಮ? ನಿನ್ನ ತಲೆಗೇನೂ ಹೊಡೀತಿಲ್ವಲ್ಲ."

"ತಲೆಗೆ ಬೇಕಾದ್ರೆ ಹೊಡಿ. ಗೂಟಕ್ಕೆ ಬೇಡ. ಈ ಸಲ ಮೀನಿಲ್ಲ. ಊರಲ್ಲಿ ಒಬ್ಬನ ಹತ್ರಾನೂ ಸ್ಟಾಂಪಿಲ್ಲ. ಇದೊಂದು ಬೇಲಿ ಬಿದ್ದಿರೋದೇ ನಮ್ಮ ಪುಣ್ಯ. ಅದನ್ನೂ ನೀನು ಪುಕ್ಕಟೆ ಎತ್ತಿ ನಿಲ್ಲಿಸಿಬಿಟ್ರೆ ಸರ್ಕಾರ ನಮ್ಮ ಕೈಲಿ ಏನು ಕಟ್ಟಿಸುತ್ತೆ? ನನ್ನ ಗೋರಿನಾ?"

"ಅದನ್ನ ಬೇಕಾದ್ರೆ ನಾನೇ ಪುಕ್ಕಟೆ ಕಟ್ತೀನಿ. ನಿನ್ನ ಕುರಿ ನನ್ನ ಗಂಡನ ಮೇಲೆ ಹಿಕ್ಕೆ ಹಾಕ್ತಿದೆ, ಕಾಣ್ತಿದೆಯಾ?"

"ಕಾಣ್ತಿದೆ. ಈ ಚಳಿಗಾಲದಲ್ಲಿ ಆರು ಮನೇಲಿ ಒಲೆ ಉರಿಯಲ್ಲ, ಅದೂ ಕಾಣ್ತಿದೆ. ಸೆಲ್ಬಿ ಇದ್ದಿದ್ರೆ ನಿನ್ನ ಕೈಯಿಂದ ಸುತ್ತಿಗೆ ಅವನೇ ಕಿತ್ಕೋತಿದ್ದ."

ಕಿತ್ಕೊಳ್ಳುತ್ತಿದ್ದ, ಸಂಶಯವೇ ಇಲ್ಲ. ಫೀನಿಗೆ ನೋವಾದದ್ದು ಅದಕ್ಕೇ. ಸುತ್ತಿಗೆಯನ್ನು ಗಾಡಿಗೆ ಎಸೆದು ಇಳಿದು ಬಂದಳು. ಹೊಡೆದ ಗೂಟವನ್ನು ಹೆಜ್ ಮಾಮ ಅಲ್ಲಾಡಿಸಿ ಕಿತ್ತು, ಅವಳ ಮನೆ ಬಾಗಿಲಿಗೇ ತಂದಿಟ್ಟು ಹೋದ. ಕಳ್ಳತನದ ಮಾತು ಬರಬಾರದಲ್ಲ.

ಇನ್ನು ಉಳಿದದ್ದು ಒಂದೇ ದಾರಿ. ಸರ್ಕಾರ ಬೇಲಿಯ ಯೋಜನೆ ಕೊಡಬೇಕು. ಅಲ್ಲಿಯವರೆಗೆ ಸೆಲ್ಬಿ ಕುರಿ ಹೊರಬೇಕು.

ಜುಲೈಯಲ್ಲಿ ಪಟ್ಟಣದ ಆಫೀಸಿನಿಂದ ವೇರಮ್ ಎಂಬ ಅಧಿಕಾರಿ ಬಂದ. ನಿರುದ್ಯೋಗಿಗಳನ್ನು ಎಣಿಸುವವನು. ಯಾವ ಊರಲ್ಲಿ ನಿರುದ್ಯೋಗಿಗಳು ಸಾಕಷ್ಟು ಇದ್ದಾರೋ ಆ ಊರಿಗೆ ಯೋಜನೆ. ಮನೆಮನೆಗೆ ಹೊರಟವನನ್ನು ಹೆಜ್ ಮಾಮ ತಡೆದು, ದೋಣಿ ಕಟ್ಟಿ ನಿಲ್ಲಿಸುವ ಮರದ ದಕ್ಕೆಗೆ ಕರೆದೊಯ್ದ. "ಮನೆಮನೆ ಯಾಕೆ ಅಲೀತೀರಿ ಸ್ವಾಮಿ? ಕೆಲಸ ಇಲ್ಲದೋರೆಲ್ಲ ಇಲ್ಲೇ ಕೂತಿದೀವಿ. ಒಂದೇ ಸಲ ಎಣಿಸ್ಕೊಂಡು ಹೋಗಿ."

ಫೀನಿ ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕುಳಿತು ಸಿಕ್ಕ ನಾಲ್ಕು ಮೀನಿನ ತಲೆ ತೆಗೆಯುತ್ತಿದ್ದಳು. ಎಣಿಸುವುದಕ್ಕೆ ತಲೆ ಎಣಿಸಿದರೆ ಸಾಕು ಎಂದೇ ಎಲ್ಲರೂ ತಿಳಿದಿದ್ದರು. ವೇರಮ್‌ನ ಹತ್ತಿರ ಒಂದು ಪ್ರಶ್ನೆಯಿತ್ತು.

"ಕಳೆದ ನಾಲ್ಕು ವಾರದಲ್ಲಿ ಕೆಲಸ ಹುಡುಕಿದ್ರಾ?"

ಹೆಜ್ ಮಾಮ ಟೋಪಿ ಹಿಂದಕ್ಕೆ ಸರಿಸಿದ. "ಹುಡುಕೋದಾ? ಏನು ಕಳೆದುಹೋಗಿದೆಯಾ ಹುಡುಕೋಕೆ? ನನ್ನ ಕುರಿ ತಪ್ಪಿಸ್ಕೊಂಡ್ರೆ ಹುಡುಕ್ತೀನಿ. ಯಾಕಂದ್ರೆ ಕುರಿ ಅನ್ನೋದು ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ."

"ನನ್ನ ಗಂಡನ ಮೇಲೆ ಇರುತ್ತೆ," ಎಂದು ಫೀನಿ ಚಾಕುವಿನಲ್ಲಿ ದಿಬ್ಬದ ಕಡೆ ತೋರಿಸಿದಳು.

"ಕೆಲಸ ಇಲ್ಲಿ ಎಲ್ಲೂ ಇಲ್ಲ ಅಂತ ಗೊತ್ತಿದ್ದೂ ಹುಡುಕ್ತಾ ಹೋದ್ರೆ ಹುಚ್ಚ ಅಂತ ನನ್ನನ್ನ ಹಗ್ಗ ಹಾಕಿ ಕಟ್ತಾರೆ, ಸ್ವಾಮಿ," ಎಂದು ಹೆಜ್ ಮಾಮ ಮುಂದುವರಿಸಿದ.

"ಅಂದ್ರೆ, ಹುಡುಕಿಲ್ಲ?"

"ಇಲ್ಲ. ನನ್ನ ತಲೆ ಇನ್ನೂ ನೆಟ್ಟಗಿದೆ."

ಮುಂದಿನವನು, "ನಾನು ಮೀನು ಹಿಡಿಯೋನು. ಇನ್ನೊಬ್ಬನ ಬಾಗಿಲಿಗೆ ಹೋಗಿ ಕೆಲಸ ಕೊಡು ಅಂತ ಹಲ್ಲು ಗಿಂಜಿದೋನಲ್ಲ," ಅಂದ. ಅವನ ಮುಂದಿನವನು, "ನಮ್ಮಪ್ಪನೂ ಗಿಂಜಿಲ್ಲ," ಅಂದ. ಒಬ್ಬನಿಗಿಂತ ಒಬ್ಬ ಎದೆಯುಬ್ಬಿಸಿ ಇಲ್ಲ ಅಂದರು. ಅದು ಅವರಿಗೆ ಮಾನದ ಪ್ರಶ್ನೆ. ವೇರಮ್ ತಲೆ ಬಗ್ಗಿಸಿ ಬರೆದುಕೊಳ್ಳುತ್ತ ಹೋದ. ಕೊನೆಗೆ ಉಳಿದವನು ಲೆವಿ. ದೋಣಿಯ ಇಂಜಿನ್ನಿನ ಪಕ್ಕದಲ್ಲೇ ಆಯುಷ್ಯ ಕಳೆದು ಅವನ ಕಿವಿ ಹೋಗಿತ್ತು. ಯಾರು ಏನು ಕೇಳಿದರೂ "ಹೂಂ, ಹೂಂ" ಎಂದು ನಗುವ ಮನುಷ್ಯ. ಕೆಲಸ ಹುಡುಕಿದಿರಾ ಎಂದದ್ದಕ್ಕೂ "ಹೂಂ, ಹೂಂ" ಅಂದ.

ವೇರಮ್ ಫೀನಿಯ ಕಡೆ ತಿರುಗಿದ. "ನೀವೇನು ಮಾಡ್ತೀರಮ್ಮ?"

"ಕುರಿ ಓಡಿಸ್ತೀನಿ."

"ಸಂಬಳ?"

"ಹಿಕ್ಕೆ."

ಅವನು 'ಗೃಹಿಣಿ' ಎಂದು ಬರೆದುಕೊಂಡ.

ಎರಡು ವಾರದ ಮೇಲೆ ಉನಾಳ ಅಂಗಡಿಗೆ ಫೋನು ಬಂತು. ಊರಿಗೆ ಇದ್ದುದು ಅದೊಂದು ಅಂಗಡಿ. ಉಪ್ಪು, ಸಕ್ಕರೆ, ಹಗ್ಗ, ಗಂಬೂಟು, ಸುದ್ದಿ, ಎಲ್ಲ ಅಲ್ಲೇ. ಉನಾ ಫೋನು ಕೆಳಗಿಟ್ಟು ಅಂಗಡಿಯಲ್ಲಿದ್ದವರನ್ನು ಒಮ್ಮೆ ನೋಡಿದಳು.

"ಯೋಜನೆ ಇಲ್ಲವಂತೆ. ಇಡೀ ಕೊಲ್ಲೀಲಿ ನಿರುದ್ಯೋಗ ಇಲ್ಲದ ಊರು ನಮ್ಮದೊಂದೇ ಅಂತೆ."

"ಏನಂದೆ?" ಎಂದ ಹೆಜ್ ಮಾಮ.

"ಸ್ಕ್ರೇಪ್ ಕೋವ್‌ನಲ್ಲಿ ನಿರುದ್ಯೋಗಿ ಅಂತ ಇರೋದು ಒಬ್ಬನೇ ಮಾಮ. ಲೆವಿ."

ಎಲ್ಲರೂ ಲೆವಿಯನ್ನು ನೋಡಿದರು. ಲೆವಿ ನಕ್ಕ. "ಹೂಂ, ಹೂಂ."

"ಮತ್ತೆ ನಾವು? ನಾವೇನು ಬ್ಯಾಂಕ್ ಮ್ಯಾನೇಜರ್‌ಗಳಾ?"

"ಹುಡುಕದೋರು ಲೆಕ್ಕಕ್ಕೇ ಬರಲ್ವಂತೆ. ಕೆಲಸದಲ್ಲಿರೋರ ಜೊತೆಗೂ ಇಲ್ಲ, ಇಲ್ಲದೋರ ಜೊತೆಗೂ ಇಲ್ಲ."

"ಹಾಗಾದ್ರೆ ಯಾರ ಜೊತೆ ಇದೀವಿ?" ಎಂದ ಹೆಜ್ ಮಾಮ. ಅವನ ದನಿ ಸ್ವಲ್ಪ ಕುಗ್ಗಿತ್ತು.

"ಸೆಲ್ಬಿ ಜೊತೆ," ಅಂದಳು ಫೀನಿ.

ಅವಳು ಕೌಂಟರಿನಾಚೆ ಕೈಚಾಚಿ ಫೋನು ಎಳೆದುಕೊಂಡಳು. "ಆ ಮನುಷ್ಯನ ನಂಬರ್ ಹಾಕು ಉನಾ."

ವೇರಮ್ ಸಿಕ್ಕಿದ.

"ಸ್ವಾಮಿ, ಹುಡುಕೋದು ಅಂದ್ರೆ ಏನು ಮಾಡಬೇಕು?"

"ಯಾರನ್ನಾದ್ರೂ ಕೆಲಸ ಕೇಳಿರಬೇಕಮ್ಮ."

"ಅವರು ಇಲ್ಲ ಅಂದ್ರೆ?"

"ಇಲ್ಲ ಅಂದ್ರೇನೇ ಒಳ್ಳೇದು. ಇದೆ ಅಂದ್ರೆ ಕಷ್ಟ."

ಆ ಕಡೆಯಿಂದ ವೇರಮ್ ಗಂಟಲು ಸರಿಮಾಡಿಕೊಂಡ. "ಆಗಸ್ಟ್ ಕೊನೇಲಿ ನಿಮ್ಮ ಪಕ್ಕದೂರಿಗೆ ಬರ್ತಿದೀನಿ. ನಿಮ್ಮಲ್ಲೂ ಇನ್ನೊಂದ್ಸಲ ಕೇಳಬಹುದು. ನಾನೇನೂ ಹೇಳಿಕೊಡ್ತಿಲ್ಲ, ನೋಡಿ."

"ಇಲ್ಲ, ಇಲ್ಲ. ನಾನೂ ಏನೂ ಕಲೀತಿಲ್ಲ."

ಮರುದಿನದಿಂದ ಅವಳು ಗಂಡಸರನ್ನು ಕೆಲಸ ಹುಡುಕಲು ಅಟ್ಟಿದಳು. ಕುರಿ ಓಡಿಸಿ ಅಭ್ಯಾಸವಾಗಿತ್ತು. ಹುಡುಕಲು ಊರಲ್ಲಿ ಇದ್ದ ಜಾಗ ಉನಾಳ ಅಂಗಡಿ ಒಂದೇ. ಹೆಜ್ ಮಾಮ ಎರಡು ದಿನ ಮಂಡಿನೋವು ಅಂದ. ಮೂರನೆಯ ದಿನ ಫೀನಿ ಬಾಗಿಲಲ್ಲಿ ದೊಣ್ಣೆ ಊರಿ ನಿಂತಳು. ಅವನು ಭಾನುವಾರದ ಅಂಗಿ ಹಾಕಿಕೊಂಡು ಹೊರಟ. ತಾನು ತೊಟ್ಟಿಲು ತೂಗಿದ ಹುಡುಗಿಯ ಮುಂದೆ ಟೋಪಿ ತೆಗೆದು, ಅವಳ ಮುಖ ನೋಡಲಾರದೆ ಬಿಸ್ಕತ್ತಿನ ಡಬ್ಬ ನೋಡುತ್ತ ನಿಂತ.

"ಉನಾ... ಕೆಲಸ ಏನಾದ್ರೂ ಇದೆಯಾ?"

"ಇಲ್ಲ ಮಾಮ."

"ದೇವರು ನಿನ್ನ ಚೆನ್ನಾಗಿಟ್ಟಿರಲಿ," ಎಂದು ಹಲ್ಲು ಕೀಳಿಸಿಕೊಂಡವನಂತೆ ಹಗುರಾಗಿ ಹೊರಬಂದ.

ಮೊದಲ ವಾರ ಉನಾಳಿಗೆ ತಮಾಷೆಯೆನಿಸಿತು. ಎರಡನೆಯ ವಾರಕ್ಕೆ ತಲೆ ಕೆಟ್ಟಿತು. ಬೆಳಗಾದರೆ ಟೋಪಿ ಹಿಡಿದ ಸಾಲು. "ಇಲ್ಲ ಅಂತ ಒಂದೇ ಸಲ ಕೂಗಿಬಿಡ್ತೀನಿ, ಎಲ್ರೂ ಕೇಳಿಸ್ಕೊಂಡು ಹೋಗಿ!" ಅಂದಳು. ಫೀನಿ ಒಪ್ಪಲಿಲ್ಲ. ಒಬ್ಬೊಬ್ಬನಿಗೂ ಅವನದೇ ಇಲ್ಲ ಬೇಕು. "ಕೇಳೋರು ಒಂದು ಬೆಂಕಿಪೊಟ್ಟಣನಾದ್ರೂ ಕೊಳ್ಳಿ ಮತ್ತೆ," ಎಂದು ಉನಾ ಗೊಣಗಿದಳು. ಆ ತಿಂಗಳು ಸ್ಕ್ರೇಪ್ ಕೋವ್‌ನಲ್ಲಿ ಬೆಂಕಿಪೊಟ್ಟಣಕ್ಕೆ ಬರ ಇರಲಿಲ್ಲ.

ಲೆವಿ ಬಂದ ದಿನ ಉನಾ ಹಿಟ್ಟಿನ ಚೀಲ ಎತ್ತಲಾರದೆ ಬೈದುಕೊಳ್ಳುತ್ತಿದ್ದಳು. "ಇದನ್ನ ಮೇಲಿಡೋಕೆ ಯಾರಾದ್ರೂ ಗಂಡಸು ಇದ್ದಿದ್ರೆ ಆಗ್ತಿತ್ತು!" ಲೆವಿ "ಹೂಂ, ಹೂಂ" ಎಂದು ಚೀಲ ಮೇಲಿಟ್ಟ. ಇನ್ನೊಂದನ್ನೂ ಇಟ್ಟ. ಮರುದಿನ ಅಂಗಡಿ ತೆಗೆಯುವ ಮುಂಚೆಯೇ ಬಂದು ನಿಂತಿದ್ದ, ಹೆಂಡತಿಯ ಅಡುಗೆಮನೆಯ ಏಪ್ರನ್ ಕಟ್ಟಿಕೊಂಡು. ಬೇಡ ಅನ್ನಲು ಉನಾಳಿಗೆ ಬಾಯಿ ಬರಲಿಲ್ಲ. ಅಂದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ಆಗಸ್ಟಿನ ಕೊನೆಯಲ್ಲಿ ವೇರಮ್ ಮತ್ತೆ ದಕ್ಕೆಗೆ ಬಂದ. ಅದೇ ಜನ, ಅದೇ ಪ್ರಶ್ನೆ.

"ಹುಡುಕಿದೆ ಸ್ವಾಮಿ," ಅಂದ ಹೆಜ್ ಮಾಮ. "ಕಂಡಕಂಡಲ್ಲೆಲ್ಲ ಹುಡುಕಿದೆ. ಮಂಚದ ಕೆಳಗೂ ನೋಡಿದೆ."

"ಯಾರನ್ನ ಕೇಳಿದ್ರಿ?"

"ಉನಾನ. ಹತ್ತು ಸಲ. ಕಲ್ಲೆದೆಯೋಳು, ಕರಗಲೇ ಇಲ್ಲ."

ವೇರಮ್‌ನ ಮುಖದಲ್ಲಿ ಏನೂ ಕಾಣಲಿಲ್ಲ. ಎಲ್ಲರೂ ಹೂಂ ಅಂದರು. ಲೆವಿಯ ಸರದಿ ಬಂದಾಗ ಮಾತ್ರ, "ಅವನಿಗೆ ಕೆಲಸ ಇದೆ," ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ವೇರಮ್ ಹಳೆಯ ಹಾಳೆ ನೋಡಿದ, ಹೊಸ ಹಾಳೆ ನೋಡಿದ, ನಿಟ್ಟುಸಿರುಬಿಟ್ಟು ಬರೆದುಕೊಂಡ.

"ನೀವು, ಅಮ್ಮ?"

ಫೀನಿ ಈ ಪ್ರಶ್ನೆಗೆ ಸಿದ್ಧವಾಗಿರಲಿಲ್ಲ. ಬೇರೆಯವರನ್ನು ಹುಡುಕಿಸುವುದರಲ್ಲೇ ತಿಂಗಳು ಕಳೆದಿತ್ತು. "ನಾನು ಬೇಲಿ ಕಟ್ತೀನಿ ಅಂದೆ," ಎಂದಳು. "ಜೂನ್‌ನಲ್ಲೂ ಅಂದೆ. ಹೋದ ವಾರವೂ ಅಂದೆ. ಈ ಮಾಮ ಬೇಡ ಅಂದ."

"ಮೇಸ್ತ್ರಿ ಇವರೇನಾ?"

"ನಾನೇ," ಅಂದ ಹೆಜ್ ಮಾಮ.

"ಹಾಗಾದ್ರೆ ಕೇಳಿದ ಹಾಗಾಯ್ತು," ಎಂದು ವೇರಮ್ 'ಗೃಹಿಣಿ' ಎಂಬುದರ ಮೇಲೆ ಗೆರೆ ಎಳೆದ. ಫೀನಿ ನಿರುದ್ಯೋಗಿಯಾದಳು. ಮದುವೆಯಾದಂದಿನಿಂದ ಬಟ್ಟೆ ಒಗೆದು, ಮೀನು ಒಣಗಿಸಿ, ಸೌದೆ ಒಡೆದು ಬದುಕಿದವಳಿಗೆ ಈ ಪದವಿ ಅದೇ ಮೊದಲು.

ಸೆಪ್ಟೆಂಬರಿನಲ್ಲಿ ಯೋಜನೆ ಬಂತು. ಸ್ಮಶಾನಕ್ಕೆ ಬೇಲಿ, ಹತ್ತು ವಾರ. ಮೇಸ್ತ್ರಿ ಹೆಜ್ ಮಾಮ. ಆಳುಗಳಲ್ಲಿ ಫೀನಿಯೂ ಒಬ್ಬಳು. ಸೆಲ್ಬಿಯ ಗಂಬೂಟು ಹಾಕಿಕೊಂಡು ಬಂದಳು. ಮುಂದೆ ಹಳೆ ಬಟ್ಟೆ ತುರುಕಿದರೂ ಕಾಲು ಒಳಗೆ ಜಾರುತ್ತಿತ್ತು.

ಕಾಡಿನಿಂದ ಗೂಟಗಳು ಬಂದು ಬಿದ್ದವು. ಹಸಿ ಫರ್, ತೊಗಟೆ ಸಮೇತ. ಫೀನಿ ಒಂದು ಗೂಟವನ್ನು ಕಾಲ ಮಧ್ಯೆ ಇಟ್ಟುಕೊಂಡು, ಎರಡು ಹಿಡಿಯ ಕತ್ತಿಯಿಂದ ತೊಗಟೆ ಸುಲಿಯಲು ಕುಳಿತಳು. ಸುತ್ತಿಗೆಗಳು ನಿಂತವು.

"ಏನೇ ಮಾಡ್ತಿದೀಯಾ?" ಅಂದ ಹೆಜ್ ಮಾಮ ಮೆಲ್ಲಗೆ.

"ಕುರುಡನಾ ನೀನು? ಸುಲೀತಿದೀನಿ."

"ಸುಲಿದ ಗೂಟ ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಂತಿರುತ್ತೆ."

"ನಿಂತಿರಲಿ ಅಂತಾನೇ."

"ಐದು ವರ್ಷದ ಮೇಲೆ ಮೀನು ಬರದೇ ಇದ್ರೆ? ಆಗ ಬೀಳೋಕೆ ನಮ್ಮ ಹತ್ರ ಏನಿರುತ್ತೆ ಹೇಳು. ನಿನಗೂ ಸ್ಟಾಂಪು ಬೇಕಲ್ವಾ ಆಗ? ಸೆಲ್ಬಿ ಇಲ್ಲ ನಿನಗೆ ತಂದುಹಾಕೋಕೆ."

"ಇಲ್ಲ ಅಂತ ನನಗೆ ಗೊತ್ತು ಮಾಮ. ನೀನು ಹೇಳಬೇಕಾಗಿಲ್ಲ." ಅವಳು ಕತ್ತಿ ಎಳೆಯುತ್ತಲೇ ಇದ್ದಳು. ತೊಗಟೆ ಉದ್ದುದ್ದ ಸುರುಳಿಯಾಗಿ ಬೂಟಿನ ಮೇಲೆ ಬೀಳುತ್ತಿತ್ತು. "ನಾನು ಇವನ ಮೇಲಿಂದ ಒಂದು ಬೇಸಿಗೆ ಪೂರ್ತಿ ಹಿಕ್ಕೆ ಗುಡಿಸಿದೀನಿ. ಇನ್ನೊಂದ್ಸಲ ಗುಡಿಸಲ್ಲ. ನಿಮಗೆ ಬೀಳೋದೇ ಬೇಕು ಅಂದ್ರೆ ಬೇರೆ ಏನನ್ನಾದ್ರೂ ಬೀಳಿಸ್ಕೊಳ್ಳಿ. ದಕ್ಕೆ ಇದೆ. ಅದರ ಕೆಳಗೆ ಯಾರ ಗಂಡನೂ ಮಲಗಿಲ್ಲ."

ಹೆಜ್ ಮಾಮ ತಿರುಗಿ ದಿಬ್ಬದಿಂದ ಕೆಳಗೆ ನೋಡಿದ. ಎಲ್ಲರೂ ನೋಡಿದರು.

"ದಕ್ಕೆ," ಅಂದ ಒಬ್ಬ.

"ದಕ್ಕೆ ದೊಡ್ಡದು," ಅಂದ ಇನ್ನೊಬ್ಬ. "ಬೇಲಿ ಥರ ಅಲ್ಲ. ಹತ್ತು ವಾರಕ್ಕೆ ಮುಗಿಯೋದಲ್ಲ ಅದು."

"ಮೂಲೆ ಕಂಬ ಆಗಲೇ ಸಡಿಲ ಆಗಿದೆ. ನಾಳೆ ಒಂದು ಮೊಳೆ ಹೊಡೀಬೇಕು ಅಂದ್ಕೊಂಡಿದ್ದೆ."

"ಮುಟ್ಟಬೇಡ ಅದನ್ನ!" ಹೆಜ್ ಮಾಮ ಗುಡುಗಿದ. "ಯಾರೂ ದಕ್ಕೆಗೆ ಒಂದು ಮೊಳೆ ಹೊಡೆಯೋ ಹಾಗಿಲ್ಲ!"

ಅಲ್ಲಿಗೆ ಮುಗಿಯಿತು. ಮನೆಮನೆಯಿಂದ ಕತ್ತಿಗಳು ಬಂದವು. ಸುಲಿಯುವ ಕೆಲಸ ನಿಧಾನದ್ದು. ಹಿಂದಿನ ಸಲ ಹತ್ತು ವಾರ ತುಂಬಿಸಲು ಸುತ್ತಿಗೆಗೆ ಒರಗಿ ನಿಲ್ಲುತ್ತಿದ್ದವರಿಗೆ ಈ ಸಲ ಒರಗಲು ಪುರುಸೊತ್ತಿರಲಿಲ್ಲ. ಬೈದುಕೊಂಡೇ ಸುಲಿದರು. ಹೆಜ್ ಮಾಮನ ತೀರಿಹೋದ ಹೆಂಡತಿ ಎಫಿ ಅತ್ತೆ ಸ್ಮಶಾನದ ಮೇಲಿನ ಮೂಲೆಯಲ್ಲಿ ಮಲಗಿದ್ದಳು. ಆ ಬದಿಯ ಗೂಟಗಳನ್ನು ಅವನು ಯಾರಿಗೂ ಕೊಡದೆ ತಾನೇ ಸುಲಿದ. ಒಂದು ಗಂಟು ಬಿಡದೆ ನುಣುಪು ಮಾಡಿದ. ಫೀನಿ ನೋಡಿದಳು, ಕಂಡರೂ ಕಾಣದ ಹಾಗೆ ಇದ್ದಳು. ಆ ವಾರ ಅವನಿಗೆ ಒಂದು ಬೈಗುಳವನ್ನೂ ಬೈಯಲಿಲ್ಲ.

ನವೆಂಬರಿನಲ್ಲಿ ಕೊನೆಯ ಅಡ್ಡಪಟ್ಟಿಗೆ ಮೊಳೆ ಬಿತ್ತು. ಅವತ್ತೇ ಮೊದಲ ಹಿಮ. ಹೆಜ್ ಮಾಮನ ಕುರಿಗಳು ಬೇಲಿಯಾಚೆ ಸಾಲಾಗಿ ನಿಂತು, ಯಾರೋ ಬಾಗಿಲು ಹಾಕಿಕೊಂಡದ್ದು ಯಾಕೆಂದು ತಿಳಿಯದೆ ನೋಡುತ್ತಿದ್ದವು. ಫೀನಿ ಅವುಗಳಿಗೆ ನಾಲಿಗೆ ಹೊರಚಾಚಿ ತೋರಿಸಿ ಮನೆಗೆ ಬಂದಳು. ಹೊಟ್ಟೆ ತುಂಬ ಉಪ್ಪುಮೀನು, ಆಲೂಗಡ್ಡೆ ತಿಂದಳು. ಫೆಬ್ರವರಿಯಿಂದೀಚೆಗೆ ಹಾಗೆ ತಿಂದಿರಲಿಲ್ಲ.

ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಎದ್ದಳು. ಬೂಟು ಹಾಕಿಕೊಂಡಳು. ಬಾಗಿಲು ತೆಗೆದವಳು ಅಲ್ಲೇ ನಿಂತಳು. ಓಡಿಸಲು ಕುರಿಯಿಲ್ಲ. ಕಟ್ಟಲು ಬೇಲಿಯಿಲ್ಲ. ದಿಬ್ಬ ಹತ್ತಲು ಯಾವ ಕಾರಣವೂ ಉಳಿದಿರಲಿಲ್ಲ. ಇಷ್ಟು ದಿನ ಯಾರಾದರೂ ಕೇಳಿದರೆ ಕುರಿ ಓಡಿಸೋಕೆ ಹೋಗ್ತೀನಿ ಅನ್ನುತ್ತಿದ್ದಳು. ತಾನೂ ಹಾಗೇ ಅಂದುಕೊಂಡಿದ್ದಳು.

ಸ್ವಲ್ಪ ಹೊತ್ತು ಒಲೆಯ ಮುಂದೆ ಕುಳಿತು, ಎದ್ದು, ಹೊರಟಳು.

ಗೇಟು ತೆಗೆದು ಒಳಗೆ ಹೋದಳು. ಹಿಂದೆ ಹಾಕಿಕೊಂಡಳು. ಹಿಮದ ಮೇಲೆ ಒಂದು ಗೊರಸಿನ ಗುರುತೂ ಇರಲಿಲ್ಲ. ಎಲ್ಲ ಶುಚಿ, ಎಲ್ಲ ಮೌನ. ಬೈಯಲು ಏನೂ ಇರಲಿಲ್ಲ.

"ಸೆಲ್ಬಿ," ಅಂದಳು.

ಅಳು ಬಂತು. ಒಂಬತ್ತು ತಿಂಗಳು ಎಲ್ಲಿತ್ತೋ ಏನೋ, ಗೂಟ ಹಿಡಿದುಕೊಂಡು ನಿಲ್ಲಬೇಕಾಯಿತು. ಮುಗಿದ ಮೇಲೆ ಅವನ ಗೋರಿ ಪಕ್ಕದ ಗೂಟಕ್ಕೆ ಬೆನ್ನು ಕೊಟ್ಟು ಹಿಮದಲ್ಲೇ ಕುಳಿತಳು. ಕೈಗವಸಿನಿಂದ ಮೂಗು ಒರೆಸಿಕೊಂಡಳು.

"ಉನಾ ಲೆವಿಗೆ ಸಂಬಳ ಜಾಸ್ತಿ ಮಾಡಿದ್ಲು ಕಣೋ," ಅಂದಳು. "ಕೊಡಲ್ಲ ಅಂತಿದ್ಲಂತೆ. ಇವನು ಹೂಂ ಹೂಂ ಅಂತ ಕೈ ಚಾಚ್ಕೊಂಡೇ ನಿಂತಿದ್ನಂತೆ. ಆಮೇಲೆ ಕೇಳು, ಹೆಜ್ ಮಾಮ ದಕ್ಕೆ ಮೇಲೆ ಯಾರನ್ನೂ ಜೋರಾಗಿ ನಡೆಯೋಕೇ ಬಿಡ್ತಿಲ್ಲ, ಐದು ವರ್ಷದ ಒಳಗೇ ಬಿದ್ದುಬಿಟ್ರೆ ಅಂತ..."